ಹೊಳೆಯಲ್ಲಿ ಮೀನಿನ ಪಾಲು

ದೇವಸ್ಥಾನದ ಮುಂದಿನ ಮಡುವಿನ ಮೀನನ್ನು ಹಿಡಿಯಬಾರದು ಎಂಬ ಕಟ್ಟಳೆ ಕರ್ನಾಟಕದ ನದಿಗಳಲ್ಲಿ ಬಹಳ ಹಳೆಯದು. ಶೃಂಗೇರಿಯ ತುಂಗಾ ತೀರ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಇಲ್ಲೆಲ್ಲ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಮೀನು ದೇವರದು. ಇಂಥ ಕೆಲವು ಜಾಗಗಳಿಗೆ ಮತ್ಸ್ಯಧಾಮ ಎಂಬ ಸರ್ಕಾರಿ ಫಲಕ ಬಂದದ್ದು ಆಮೇಲೆ. ಫಲಕ ಇಲ್ಲದ ಕಾಲದಲ್ಲೂ ಊರಿನವರು ಕಟ್ಟಳೆ ಮೀರಿರಲಿಲ್ಲ. ಮೀನನ್ನು ಮನುಷ್ಯನ ಕೈಯಿಂದ ಈ ನಂಬಿಕೆ ಚೆನ್ನಾಗಿಯೇ ಕಾಪಾಡಿದೆ. ಆದರೆ ಮಳೆ ಕೈಕೊಟ್ಟ ವರ್ಷ ಹೊಳೆ ಹರಿಯುವುದು ನಿಂತು ಮಡುವಿನ ನೀರು ಬಿಸಿಯೇರಿದಾಗ ಅದೇ ನಂಬಿಕೆ ಮೀನಿಗೆ ಏನು ಕೊಡಬಲ್ಲದು? ಕೊಲ್ಲದಿರುವುದು ಧರ್ಮ ಎನ್ನುವುದರಲ್ಲಿ ತಕರಾರಿಲ್ಲ. ನೀರು ಬಿಡುವುದೂ ಧರ್ಮವೇ, ಹೌದಾದರೆ ಎಷ್ಟು, ಯಾರ ಪಾಲಿನಿಂದ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಶಿಶಿಲೇಶ್ವರ ದೇವಸ್ಥಾನದ ಮೆಟ್ಟಿಲಿಳಿದರೆ ಕಪಿಲಾ ಹೊಳೆ. ನೀರು ತಿಳಿಯಾಗಿರುವ ದಿನಗಳಲ್ಲಿ ಮೇಲಿನಿಂದ ನೋಡಿದರೆ ತಳದ ಕಲ್ಲು ಕಾಣದಷ್ಟು ಒತ್ತೊತ್ತಾಗಿ ಕಪ್ಪು ಬೆನ್ನುಗಳು ಅಲುಗುತ್ತಿರುತ್ತವೆ. ಒಂದು ಹಿಡಿ ಅಕ್ಕಿಯೋ ಹೊದಲೋ ಬಿದ್ದರೆ ಸಾಕು, ದಪ್ಪ ತುಟಿ ಮುಂದೆ ಚಾಚಿ ಒಂದರ ಮೇಲೊಂದು ಬಿದ್ದು ಬಾಲ ಬಡಿಯುತ್ತವೆ. ಮಗ್ಗುಲಾದಾಗ ದೊಡ್ಡ ಹುರುಪೆಗಳು ಬಿಸಿಲಿಗೆ ಮಿಂಚುತ್ತವೆ. ತುಳುವಿನಲ್ಲಿ ಇದು ಪೆರುವೊಳು, ಪುಸ್ತಕಗಳಲ್ಲಿ ಮಹಶೀರ್. 1996ರಲ್ಲಿ ಕಿಡಿಗೇಡಿಗಳು ಈ ಹೊಳೆಗೆ ವಿಷ ಬೆರೆಸಿದರು. ಸಾವಿರಾರು ಮೀನು ಸತ್ತವು. ಊರಿನವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟುವ ಸಮಾಜಕ್ಕೆ ಜೀವದಯೆಯ ಪಾಠ ಹೇಳಬೇಕಾಗಿಲ್ಲ. ಆದರೆ ವಿಷ ಹಾಕಿದವನಿಗೆ ಒಂದು ಮುಖ ಇರುತ್ತದೆ, ಅವನ ಕೃತ್ಯಕ್ಕೆ ಪಾಪ ಎಂಬ ಹೆಸರೂ ಇದೆ. ಮೇಲ್ಗಡೆ ಹತ್ತಾರು ಪಂಪ್‌ಸೆಟ್ಟುಗಳು ನೀರೆತ್ತಿ ಕೆಳಗಿನ ಮಡು ಮೊಣಕಾಲುದ್ದಕ್ಕೆ ಇಳಿದರೆ, ಆ ಸಾವಿಗೆ ಯಾರ ಹೆಸರನ್ನೂ ಹಚ್ಚಲಾಗುವುದಿಲ್ಲ.

ಬಿಸಿಲು ಮೀನನ್ನು ಕೊಲ್ಲುವ ರೀತಿ ಹೀಗೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಮೀನು ತಣ್ಣನೆಯ ರಕ್ತದ ಪ್ರಾಣಿ. ಸುತ್ತಲ ನೀರು ಬಿಸಿಯಾದರೆ ಅದರ ಮೈಯ ವ್ಯಾಪಾರವೂ ಚುರುಕಾಗಿ ಉಸಿರು ಹೆಚ್ಚು ಬೇಕಾಗುತ್ತದೆ. ಬೇಡಿಕೆ ಏರುವಾಗಲೇ ಸರಬರಾಜು ಇಳಿಯುವ ಇಕ್ಕಟ್ಟು ಇದು. ಹರಿವು ನಿಂತ ಮಡುವಿನಲ್ಲಿ ಎಲೆ, ಕೊಳೆ, ಭಕ್ತರು ಹಾಕಿದ ತಿಂಡಿಯ ಮಿಕ್ಕಿದ್ದು ಕೊಳೆಯುತ್ತ ಉಳಿದ ಆಮ್ಲಜನಕವನ್ನೂ ಎಳೆದುಕೊಳ್ಳುತ್ತವೆ. ಬೆಳಗಿನ ಜಾವಕ್ಕೆ ಪರಿಸ್ಥಿತಿ ತೀರಾ ಕೆಡುತ್ತದೆ, ರಾತ್ರಿ ಪಾಚಿಯೂ ಉಸಿರಾಡುತ್ತದಲ್ಲ. ಇದರ ನಗರದ ರೂಪವನ್ನು ಬೆಂಗಳೂರಿನ ಪೂರ್ವ ಭಾಗದ ಜನ 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಕಂಡರು: ಕೊಳಚೆಯ ಜೊತೆಗೆ ಬೇಸಿಗೆ ಸೇರಿ ಮೀನುಗಳು ರಾಶಿ ರಾಶಿಯಾಗಿ ದಡಕ್ಕೆ ತೇಲಿ ಬಂದವು. ಆ ಕೆರೆಗೆ ಯಾರೂ ವಿಷ ಹಾಕಿರಲಿಲ್ಲ.

ಪಶ್ಚಿಮ ಅಮೆರಿಕದಲ್ಲಿ ಇದೇ ಪ್ರಶ್ನೆ ಸಾಲ್ಮನ್ ಮೀನಿನ ಸುತ್ತ ಎದ್ದಿದೆ. ಸಾಲ್ಮನ್ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುತ್ತದೆ, ಮತ್ತು ಅದಕ್ಕೆ ತಣ್ಣನೆಯ ನೀರೇ ಬೇಕು. 2002ರ ಸೆಪ್ಟೆಂಬರ್‌ನಲ್ಲಿ ಕ್ಲಾಮತ್ ನದಿಯಲ್ಲಿ ನೀರು ಇಳಿದು ಬಿಸಿಯಾಗಿ ರೋಗ ಹರಡಿ ಹತ್ತಾರು ಸಾವಿರ ಸಾಲ್ಮನ್ ಸತ್ತವು. 2015ರ ಬೇಸಿಗೆಯಲ್ಲಿ ಕೊಲಂಬಿಯಾ ನದಿಯಲ್ಲಿ ಎರಡೂವರೆ ಲಕ್ಷದಷ್ಟು. ಕ್ಲಾಮತ್ ದಂಡೆಯ ಯೂರೋಕ್, ಕರೂಕ್ ಮೊದಲಾದ ಮೂಲನಿವಾಸಿಗಳಲ್ಲಿ ವರ್ಷದ ಮೊದಲ ಸಾಲ್ಮನ್‌ಗೆ ಪೂಜೆಯ ಪದ್ಧತಿ ಇದೆ. ವಿಧಿ ಮುಗಿಯುವವರೆಗೆ ಯಾರೂ ಮೀನು ಹಿಡಿಯುವಂತಿರಲಿಲ್ಲ, ಹಾಗಾಗಿ ಮೊದಲು ಬಂದ ಮೀನುಗಳು ಮೇಲಕ್ಕೆ ಹೋಗಿ ಮೊಟ್ಟೆಯಿಡುತ್ತಿದ್ದವು. 2019ರಲ್ಲಿ ಯೂರೋಕ್ ಬುಡಕಟ್ಟು ತನ್ನ ಕಾನೂನಿನಲ್ಲಿ ಕ್ಲಾಮತ್ ನದಿಗೆ ವ್ಯಕ್ತಿಯ ಹಕ್ಕು ಕೊಟ್ಟಿತು. ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಕೆಡವಲಾಯಿತು. ಅಲ್ಲಿನವರ ನಂಬಿಕೆ ಮೀನನ್ನು ಮುಟ್ಟಬಾರದು ಎನ್ನುವುದಿಲ್ಲ, ಮೀನು ತಿನ್ನುವವರೇ ಅವರು. ಆದರೂ ಮೀನಿಗೆ ಸಲ್ಲಬೇಕಾದ ನೀರಿಗಾಗಿ ಅವರು ಹೋರಾಡಿದಷ್ಟು, ಮೀನು ಮುಟ್ಟದ ಭಕ್ತಸಮುದಾಯಗಳು ಹೋರಾಡಿದ್ದು ಕಡಿಮೆ. ಇದು ಗಮನಿಸಬೇಕಾದ ವ್ಯತ್ಯಾಸ.

ಹಾಗೆಂದು ಈ ನಾಡಿನ ಪರಂಪರೆಯಲ್ಲಿ ನೀರಿನ ವಿಚಾರವೇ ಇಲ್ಲ ಎನ್ನಲಾಗದು. ಶತಪಥ ಬ್ರಾಹ್ಮಣದಲ್ಲಿ ಬರುವ ಮನುವಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೈ ತೊಳೆಯುವ ನೀರಿನಲ್ಲಿ ಒಂದು ಪುಟ್ಟ ಮೀನು ಬಂದು ತನ್ನನ್ನು ಸಾಕೆಂದು ಕೇಳುತ್ತದೆ. ಪ್ರಳಯ, ದೋಣಿ, ಮತ್ಸ್ಯಾವತಾರ ಎಂದು ಕಥೆ ಮುಂದೆ ಬೆಳೆಯುವುದರಿಂದ ಅದರ ಮೊದಲ ಭಾಗ ಮರೆಗೆ ಸರಿದಿದೆ. ಮನು ಮೀನನ್ನು ಕೊಲ್ಲದೆ ಬಿಟ್ಟನೆಂಬಷ್ಟಕ್ಕೆ ಅವನ ಕರ್ತವ್ಯ ಮುಗಿಯಲಿಲ್ಲ. ಮೊದಲು ಕೊಡದಲ್ಲಿಟ್ಟ, ಅದು ಸಾಲದಾದಾಗ ಗುಂಡಿ ತೋಡಿದ, ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ದ. ಮಹಾಭಾರತದ ವನಪರ್ವದಲ್ಲಿ ಈ ನಡುವೆ ಕೆರೆಯೂ ಗಂಗೆಯೂ ಸೇರಿಕೊಂಡಿವೆ. ಮೀನು ಪ್ರತಿ ಸಲವೂ ಕೇಳುವುದು ಇನ್ನೂ ಹೆಚ್ಚು ನೀರನ್ನು. ಮನು ಪ್ರತಿ ಸಲವೂ ಕೊಡುತ್ತಾನೆ. ಒಂದು ಜೀವಕ್ಕೆ ಅಭಯ ಕೊಟ್ಟವನು ಅದು ಬದುಕಲು ಬೇಕಾದ ಜಾಗವನ್ನೂ ಕೊಡಬೇಕು ಎಂಬ ಅರ್ಥ ಅಲ್ಲಿ ಸ್ಪಷ್ಟವಾಗಿಯೇ ಇದೆ.

ಶೃಂಗೇರಿಯ ಸ್ಥಳಪುರಾಣವೂ ಇದೇ ದಿಕ್ಕಿನದು. ತುಂಗೆಯ ದಡದಲ್ಲಿ ಸುಡುವ ಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ನಾಗರಹಾವೊಂದು ಹೆಡೆಯೆತ್ತಿ ನೆರಳು ಕೊಟ್ಟಿತು, ಅದನ್ನು ಕಂಡ ಶಂಕರಾಚಾರ್ಯರು ಅಲ್ಲೇ ಪೀಠ ಸ್ಥಾಪಿಸಿದರು ಎಂಬುದು ಪ್ರತೀತಿ. ಆ ಜಾಗವೇ ಈಗಿನ ಕಪ್ಪೆಶಂಕರ. ಹುಟ್ಟುವೈರಿಗಳು ವೈರ ಮರೆತ ಕ್ಷೇತ್ರ ಎಂದು ಕಥೆಯನ್ನು ಹೇಳುವುದು ವಾಡಿಕೆ. ಅದು ಕಥೆಯ ಅರ್ಧ ಮಾತ್ರ. ಹಾವು ಕಪ್ಪೆಯನ್ನು ನುಂಗದೆ ಸುಮ್ಮನೆ ಹರಿದುಹೋಗಿದ್ದರೂ ವೈರ ಮರೆತಂತೆಯೇ ಆಗುತ್ತಿತ್ತು. ಕಪ್ಪೆ ಬಿಸಿಲಿಗೆ ಸಾಯುತ್ತಿತ್ತು. ಕ್ಷೇತ್ರಕ್ಕೆ ಮಹಿಮೆ ಬಂದದ್ದು ನೆರಳಿನಿಂದ.

ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡಿದವರು ಜೈನರು. ಅವರ ತತ್ತ್ವದಲ್ಲಿ ನೀರಿನೊಳಗೆ ಜೀವಗಳಿವೆ ಎಂಬುದಷ್ಟೇ ಅಲ್ಲ, ನೀರನ್ನೇ ದೇಹವಾಗಿ ಉಳ್ಳ ಅಪ್ಕಾಯಿಕ ಜೀವಗಳೂ ಇವೆ. ಸ್ಪರ್ಶ ಒಂದೇ ಅವುಗಳ ಇಂದ್ರಿಯ. ಆದ್ದರಿಂದ ನೀರನ್ನು ಬೇಕಾದಷ್ಟೇ ಬಳಸಬೇಕು, ಸೋಸಿ ಕುಡಿಯಬೇಕು. ಸೋಸಿದ ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ. ಯಾವ ಬಾವಿಯಿಂದ, ಯಾವ ಹೊಳೆಯಿಂದ ನೀರು ತಂದರೋ ಅದೇ ಬಾವಿಗೆ, ಅದೇ ಹೊಳೆಗೆ ಮರಳಿ ಬಿಡಬೇಕು. ಬೇರೆ ನೀರಿಗೆ ಹಾಕಿದರೆ ಆ ಜೀವಗಳು ಬದುಕುವುದಿಲ್ಲ ಎಂಬುದು ಇದರ ಹಿಂದಿನ ವಿವೇಕ.

ಇವನ್ನು ಬಿಟ್ಟರೆ ಹಳೆಯ ರಾಜಶಾಸನಗಳೂ ಗ್ರಂಥಗಳೂ ಹೆಚ್ಚಾಗಿ ಹಿಡಿಯುವುದು, ಕೊಲ್ಲುವುದು ಎಂಬುದರ ಆಚೆ ಹೋಗುವುದಿಲ್ಲ. ಅಶೋಕ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಟ್ಟು, ಕೆಲವು ದಿನಗಳಲ್ಲಿ ಮೀನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿದ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆ ಬೇರೆ ಭಾಗವೇ ಇದೆ. ಒಬ್ಬ ಬೇಡವೆಂದ, ಇನ್ನೊಬ್ಬ ಹೇಗೆಂದು ವಿವರಿಸಿದ. ನದಿಯಲ್ಲಿ ನೀರಿರುತ್ತದೆ ಎಂಬುದನ್ನು ಇಬ್ಬರೂ ಪ್ರಶ್ನಿಸಲಿಲ್ಲ. ಮಹಾನದಿಯೊಂದನ್ನು ಬತ್ತಿಸುವ ಶಕ್ತಿ ಆಗ ಮಳೆರಾಯನಿಗೆ ಮಾತ್ರ ಇತ್ತು. ಕೃಷ್ಣರಾಜಸಾಗರದ ಕಾಮಗಾರಿ 1911ರಲ್ಲಿ ಶುರುವಾದ ಮೇಲೆ ಕಾವೇರಿಯಲ್ಲಿ ಯಾವ ತಿಂಗಳು ಎಷ್ಟು ನೀರು ಎಂಬುದು ಮನುಷ್ಯನ ತೀರ್ಮಾನವಾಯಿತು. ಮನುಷ್ಯನ ತೀರ್ಮಾನವಾದದ್ದರಿಂದಲೇ ಅದು ಪಾಪಪುಣ್ಯದ ಲೆಕ್ಕಕ್ಕೂ ಬಂತು.

ಈ ಲೆಕ್ಕದಲ್ಲಿ ಮೊದಲು ಬರಬೇಕಾದ ಜೀವಿ ಕಾವೇರಿಯ ಗೂನುಬೆನ್ನಿನ ಮಹಶೀರ್. ಕಾವೇರಿ ಕೊಳ್ಳ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇದು ಸಹಜವಾಗಿ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋಗೂ ಮಿಕ್ಕಿ ತೂಗಿತ್ತು. ಇಷ್ಟು ಪ್ರಸಿದ್ಧವಾದ ಮೀನಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು, ಟಾರ್ ರೆಮಾದೇವಿ, ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಐಯುಸಿಎನ್ ಕೆಂಪು ಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜೀವಿ ಎಂದು ಸೇರಿತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದು ಹಾಕಿ ಮೀನು ಹೊಡೆಯುವುದು ಇದನ್ನು ಈ ಸ್ಥಿತಿಗೆ ತಂದವು. ಇವುಗಳ ಜೊತೆಗೆ ಒಂದು ಸದುದ್ದೇಶವೂ ಸೇರಿದೆ. ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ ಬಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅದು ಕೃಷ್ಣಾ ಕೊಳ್ಳದ ಮೀನು. ಬಿಟ್ಟವರು ಹೊಳೆ ತುಂಬಿಸಿದೆವೆಂದುಕೊಂಡರು, ಮೂಲದ ಮೀನಿನ ಜಾಗವನ್ನು ಹೊಸದು ಹಿಡಿಯಿತು. ಕಾವೇರಿ ವನ್ಯಧಾಮದಲ್ಲಿ ಗಾಳ ಹಾಕಿ ಹಿಡಿದು ಮತ್ತೆ ನೀರಿಗೆ ಬಿಡುವ ಹವ್ಯಾಸಿಗಳಿಗೂ ಅರಣ್ಯ ಕಾನೂನಿಗೂ ನಡೆದ ಜಟಾಪಟಿ ಬೇರೆಯೇ ಕಥೆ. ಮೀನಿನ ತುಟಿಗೆ ಕೊಕ್ಕೆ ಸಿಕ್ಕಿಸಿ ಸಂರಕ್ಷಣೆ ಎನ್ನುವುದು ಅಹಿಂಸೆಯ ದೃಷ್ಟಿಯಲ್ಲಿ ವಿಚಿತ್ರವೇ. ಆದರೆ ಗಾಳದವರು ದಡದಲ್ಲಿರುವಾಗ ಸಿಡಿಮದ್ದಿನವರು ಹತ್ತಿರ ಸುಳಿಯುವುದು ಕಷ್ಟವಾಗಿತ್ತು ಎಂಬ ಅವರ ವಾದವನ್ನೂ ತಳ್ಳಿಹಾಕುವಂತಿಲ್ಲ.

ಈ ಮೀನಿಗೂ ಪೂರ್ವ ಬೆಂಗಳೂರಿನ ಗರುಡಾಚಾರ್‌ಪಾಳ್ಯಕ್ಕೂ ಇರುವ ಸಂಬಂಧ ನಲ್ಲಿಯದು. ಬೆಂಗಳೂರಿಗೆ ಬರುವ ಕಾವೇರಿ ನೀರನ್ನು ಶಿವನಸಮುದ್ರದ ಮೇಲ್ಗಡೆ ನದಿಯಿಂದ ತಿರುಗಿಸಿ, ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಸುಮಾರು 100 ಕಿಲೋಮೀಟರ್ ದೂರಕ್ಕೆ, 500 ಮೀಟರಿಗೂ ಹೆಚ್ಚು ಎತ್ತರಕ್ಕೆ ಪಂಪ್ ಮಾಡಲಾಗುತ್ತದೆ. ಗೂನುಬೆನ್ನಿನ ಮಹಶೀರ್‌ಗೆ ಹೆಸರಾದ ಭೀಮೇಶ್ವರಿ, ಗಾಳಿಬೋರೆಯ ಮಡುಗಳು ಅಲ್ಲಿಂದ ಕೆಳಗೆ, ಮೇಕೆದಾಟಿನ ದಾರಿಯಲ್ಲಿವೆ. ಗರುಡಾಚಾರ್‌ಪಾಳ್ಯದ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ನೀರು ಮಾತ್ರ ಕಾವೇರಿಗೆ ಮರಳುವುದಿಲ್ಲ. ನಗರದ ಆ ಮಗ್ಗುಲಿನ ಇಳಿಜಾರು ದಕ್ಷಿಣ ಪಿನಾಕಿನಿಯ ಕಡೆಗೆ. 2018ರಿಂದ ನಗರದ ಸಂಸ್ಕರಿಸಿದ ಕೊಳಚೆ ನೀರಿನ ಒಂದು ಭಾಗ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೂ ಹೋಗುತ್ತಿದೆ. ಕೋಲಾರಕ್ಕೆ ಅದು ಬೇಕಾಗಿತ್ತು, ಸರಿ. ತಂದ ನೀರಿಗೇ ಮರಳಿಸಬೇಕೆಂಬ ಜೈನರ ಸೋಸುಬಟ್ಟೆಯ ನಿಯಮವನ್ನು ಇಲ್ಲಿಗೆ ಹಚ್ಚಿ ನೋಡಿದರೆ, ಪೂರ್ವ ಬೆಂಗಳೂರು ಆ ಹೊಳೆಗೆ ಒಂದು ಹನಿಯನ್ನೂ ಮರಳಿಸುತ್ತಿಲ್ಲ.

ನ್ಯಾಯಾಲಯಗಳು ಇದೇ ಭೂಗೋಳವನ್ನು ಇನ್ನೊಂದು ಕಾರಣಕ್ಕೆ ಪರಿಶೀಲಿಸಿವೆ. ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂದು ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ನಗರದ ಕುಡಿಯುವ ನೀರನ್ನು ಕಡಿಮೆ ಲೆಕ್ಕ ಹಿಡಿದಿತ್ತು. ಸುಪ್ರೀಂ ಕೋರ್ಟ್ 2018ರ ಫೆಬ್ರುವರಿ 16ರಂದು ಅದನ್ನು ತಿದ್ದಿ ಇಡೀ ನಗರವನ್ನು ಗಣನೆಗೆ ತೆಗೆದುಕೊಂಡಿತು, 4.75 ಟಿಎಂಸಿ ಹೆಚ್ಚು ಕೊಟ್ಟಿತು. ಬೇರೆ ಕಾರಣಕ್ಕೆ ಕೊಟ್ಟದ್ದೂ ಸೇರಿ ಕರ್ನಾಟಕದ ಒಟ್ಟು ಪಾಲು 270ರಿಂದ 284.75 ಟಿಎಂಸಿಗೆ ಏರಿತು, ತಮಿಳುನಾಡಿನದು 419ರಿಂದ 404.25ಕ್ಕೆ ಇಳಿಯಿತು. ಜನರ ಗಮನ ಈ ಅಂಕಿಗಳ ಮೇಲೆಯೇ ನಿಂತಿತು. ನ್ಯಾಯಮಂಡಳಿ ಹಂಚಿದ 740 ಟಿಎಂಸಿಯಲ್ಲಿ ಇನ್ನೊಂದು ಬಾಬ್ತು ಇದೆ: ಪರಿಸರ ಸಂರಕ್ಷಣೆಗೆ 10 ಟಿಎಂಸಿ. ಫೆಬ್ರುವರಿಯಿಂದ ಮೇವರೆಗೆ ತಿಂಗಳಿಗೆ ಎರಡೂವರೆ ಟಿಎಂಸಿಯಂತೆ ಅದು ತಮಿಳುನಾಡಿನ ಗಡಿಯ ಬಿಳಿಗುಂಡ್ಲು ದಾಟಬೇಕು. ಸೆಕೆಂಡಿಗೆ ಸುಮಾರು ಸಾವಿರ ಘನ ಅಡಿ ಹರಿವು. ರಾಜ್ಯಗಳ ನಡುವಿನ ದಾವೆಯಲ್ಲಿ ಮೀನಿನ ಪರ ವಕೀಲರು ಯಾರೂ ಇರಲಿಲ್ಲ, ಆದರೂ ಅತಿ ಬಿಸಿಲಿನ ನಾಲ್ಕು ತಿಂಗಳಿಗೆ ಅದರ ಹೆಸರಿನಲ್ಲೆನ್ನಬಹುದಾದ ಒಂದು ಪಾಲು ದಾಖಲಾಯಿತು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತ ನಗರದ ಅಂಚಿನ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ. ವರ್ಷಕ್ಕೆ ಲೆಕ್ಕ ಹಾಕಿದರೆ ಅದೂ 10 ಟಿಎಂಸಿಯೇ. ನಗರದ ಒಂದು ಹಂತದ ವಿಸ್ತರಣೆಯೂ ಇಡೀ ನದಿಯ ಜೀವಕ್ಕೆ ಮೀಸಲಿಟ್ಟ ನೀರೂ ಹೀಗೆ ಒಂದೇ ತೂಕದವು. ಇದರಿಂದ ನಗರವನ್ನು ಖಳನಾಗಿಸುವುದು ನ್ಯಾಯವಲ್ಲ. ಕರ್ನಾಟಕದ ಪಾಲಿನಲ್ಲಿ ಬಹುಭಾಗ ಹೋಗುವುದು ಗದ್ದೆ ಬಯಲಿಗೆ.

ಪಾಲು ಇದೆಯೇ ಎಂಬುದಕ್ಕಿಂತ ಅದು ಯಾವ ಸರದಿಯಲ್ಲಿ ಸಲ್ಲುತ್ತದೆ ಎಂಬುದು ದೊಡ್ಡ ಪ್ರಶ್ನೆ. 2002ರ ರಾಷ್ಟ್ರೀಯ ಜಲನೀತಿ ನೀರಿನ ಹಂಚಿಕೆಗೆ ಆದ್ಯತೆಯ ಸಾಲು ಹಾಕಿತ್ತು: ಕುಡಿಯುವ ನೀರು, ನೀರಾವರಿ, ಜಲವಿದ್ಯುತ್, ಅದರ ಹಿಂದೆ ಪರಿಸರ. ಬರದ ವರ್ಷದಲ್ಲಿ ನಾಲ್ಕನೆಯ ಸರದಿ ಎಂದರೆ ಎಲ್ಲರ ಊಟವಾದ ಮೇಲೆ ಮಿಕ್ಕರೆ ಎಂದರ್ಥ. ಗೃಹಸ್ಥಧರ್ಮದಲ್ಲಿ ಇದು ತಲೆಕೆಳಗಾಗಿದೆ. ಗೃಹಸ್ಥ ದಿನವೂ ಮಾಡಬೇಕಾದ ಪಂಚಮಹಾಯಜ್ಞಗಳಲ್ಲಿ ಒಂದು ಭೂತಯಜ್ಞ. ಅಡುಗೆಯಾದ ಮೇಲೆ, ತಾನು ಉಣ್ಣುವ ಮೊದಲು, ನಾಯಿ, ಕಾಗೆ, ಕ್ರಿಮಿಕೀಟಗಳಿಗೆ ಬಲಿಯನ್ನು ತೆಗೆದಿಡಬೇಕು. ತೆಗೆದಿಡುವುದು ಒಂದು ತುತ್ತಷ್ಟೇ, ಆದರೆ ಅದು ಎಂಜಲಲ್ಲ. ಬಡವನ ಮನೆಯಲ್ಲೂ ಅದು ತಪ್ಪುವಂತಿಲ್ಲ. ಪ್ರಮಾಣ ಸಣ್ಣದು, ಸರದಿ ಮೊದಲಿನದು. ಹೊಳೆಯ ಮೀನಿಗೆ ಈ ತರ್ಕವನ್ನು ಒಯ್ದರೆ, ಬೇಸಿಗೆಯ ಕನಿಷ್ಠ ಹರಿವು ಹಂಚಿಕೆಯಾಗಿ ಉಳಿದದ್ದಾಗಬಾರದು, ಹಂಚುವ ಮೊದಲೇ ತೆಗೆದಿಟ್ಟದ್ದಾಗಬೇಕು.

ಇದಕ್ಕೆ ಬರುವ ಆಕ್ಷೇಪ ಗಟ್ಟಿಯಾದದ್ದು. 2024ರ ಬೇಸಿಗೆಯಲ್ಲಿ ಮಹದೇವಪುರ ಭಾಗದಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರ ಏರಿ, ಜನ ಖಾಲಿ ಕೊಡ ಹಿಡಿದು ಕಾಯುತ್ತಿದ್ದಾಗ ಮೀನಿಗೆ ನೀರು ಬಿಡಿ ಎನ್ನುವುದು ಕ್ರೌರ್ಯವಾಗಿ ಕೇಳಿಸುತ್ತದೆ. ಧರ್ಮಶಾಸ್ತ್ರ ಇಂಥ ಸಂದರ್ಭವನ್ನು ಅರಿಯದ್ದಲ್ಲ. ಮಹಾಭಾರತದ ಶಾಂತಿಪರ್ವದ ಆಪದ್ಧರ್ಮದಲ್ಲಿ ಹನ್ನೆರಡು ವರ್ಷದ ಬರಗಾಲ ಬಂದು ವಿಶ್ವಾಮಿತ್ರ ನಾಯಿಮಾಂಸಕ್ಕೂ ಕೈ ಚಾಚುತ್ತಾನೆ; ಪ್ರಾಣ ಉಳಿದರೆ ಧರ್ಮ ಮುಂದೆ ಎಂಬುದು ಅವನ ವಾದ. ಆದರೆ ಆಪದ್ಧರ್ಮಕ್ಕೆ ಎರಡು ಎಲ್ಲೆ ಇವೆ. ಅದು ಪ್ರಾಣಕ್ಕೆ ಬೇಕಾದಷ್ಟಕ್ಕೆ ಮಾತ್ರ ಸಲ್ಲುತ್ತದೆ, ಆಪತ್ತು ಇರುವಷ್ಟು ದಿನ ಮಾತ್ರ ಸಲ್ಲುತ್ತದೆ. ಕುಡಿಯುವ ಬಿಂದಿಗೆ ಮೊದಲ ಎಲ್ಲೆಯೊಳಗೆ ಬರುತ್ತದೆ, ಕಾರು ತೊಳೆಯುವ ಪೈಪು ಬರುವುದಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿದಾಗ, ಗೊತ್ತಿದ್ದೋ ಗೊತ್ತಿಲ್ಲದೆಯೋ ಈ ಎಲ್ಲೆಯನ್ನೇ ಎಳೆದಿತ್ತು. ಎರಡನೆಯ ಎಲ್ಲೆಯನ್ನು ಎಳೆದವರಿಲ್ಲ: ವರ್ಷ ಬಿಟ್ಟು ವರ್ಷ ಬರುವ ಆಪತ್ತನ್ನು ಆಪತ್ತೆಂದು ಹೇಳಿ ಮೀನಿನ ಪಾಲು ಎತ್ತಿಕೊಳ್ಳುತ್ತ ಹೋದರೆ ಅದು ಆಪದ್ಧರ್ಮವಾಗಿ ಉಳಿಯದು, ರೂಢಿಯಾಗುತ್ತದೆ. ಅದೇ ಆಪದ್ಧರ್ಮ ಪರ್ವದಲ್ಲಿ ಬತ್ತುವ ಕೊಳದ ಮೂರು ಮೀನುಗಳ ಕಥೆಯೂ ಇದೆ. ಮುಂದಾಲೋಚನೆಯದು ಮೊದಲೇ ಪಾರಾಗುತ್ತದೆ, ಚುರುಕಿನದು ಉಪಾಯದಿಂದ ಪಾರಾಗುತ್ತದೆ, ಮೈಗಳ್ಳ ಮೀನು ಸಾಯುತ್ತದೆ. ಕಥೆ ದೂರುವುದು ಸತ್ತ ಮೀನನ್ನು. ಕೊಳದ ನೀರು ಹೊರಕ್ಕೆ ಹರಿಸಿದವರು ಬೆಸ್ತರು ಎಂದು ಅದೇ ಕಥೆ ಹೇಳುತ್ತದೆ, ಅವರ ಧರ್ಮವೇನೆಂದು ಕೇಳುವುದಿಲ್ಲ.

ಹಕ್ಕಿನ ಭಾಷೆಯಿಂದ ಇದು ಬಗೆಹರಿದೀತೆಂಬ ನಂಬಿಕೆಯೂ ಇದೆ. ಭಾರತದ ಕಾನೂನಿನಲ್ಲಿ ದೇವರು ಆಸ್ತಿ ಹೊಂದಬಲ್ಲ, ದಾವೆ ಹೂಡಬಲ್ಲ ವ್ಯಕ್ತಿ. ಉತ್ತರಾಖಂಡ ಹೈಕೋರ್ಟ್ 2017ರ ಮಾರ್ಚ್‌ನಲ್ಲಿ ಗಂಗೆ ಯಮುನೆಯರಿಗೂ ಅಂಥ ವ್ಯಕ್ತಿತ್ವ ಕೊಟ್ಟಿತು. ಸುಪ್ರೀಂ ಕೋರ್ಟ್ ಜುಲೈನಲ್ಲಿ ತಡೆ ನೀಡಿತು. ಸಂವಿಧಾನದ 51ಎ ವಿಧಿ ನದಿ, ಕೆರೆ, ವನ್ಯಜೀವಿಗಳ ರಕ್ಷಣೆಯನ್ನೂ ಜೀವಿಗಳ ಮೇಲಿನ ಅನುಕಂಪವನ್ನೂ ಒಂದೇ ವಾಕ್ಯದಲ್ಲಿ ಪ್ರಜೆಯ ಕರ್ತವ್ಯವೆಂದು ಹೇಳುತ್ತದೆ. ದೇವರ ಮೀನೆಂದು ಒಪ್ಪಿದ ಮೇಲೆ ಮಡುವಿನ ನೀರೂ ದೇವರದೇ ಎಂದು ವಾದಿಸಲು ಅಡ್ಡಿಯಿಲ್ಲ. ಆದರೆ ದಾವೆ ತೀರುವ ಹೊತ್ತಿಗೆ ಬೇಸಿಗೆ ಮುಗಿದಿರುತ್ತದೆ. ಮಡುವಿಗೆ ಬೇಕಾದವು ಇನ್ನೂ ಸರಳವಾದವು. ಅಣೆಕಟ್ಟಿನಿಂದ ಬಿಡುವ ನೀರು ತಿಂಗಳಿಗೊಮ್ಮೆ ಒಟ್ಟಿಗೆ ನುಗ್ಗದೆ ದಿನವೂ ಹದವಾಗಿ ಬರಬೇಕು. ಆಳದ ಮಡುಗಳಲ್ಲಿ ಮರಳು ತೆಗೆಯಬಾರದು, ತಂಪು ಉಳಿಯುವುದು ಅಲ್ಲೇ. ದಂಡೆಯ ಹೊಳೆಮತ್ತಿ ಮರಗಳನ್ನು ಕಡಿಯಬಾರದು. ಸ್ಕಾಟ್ಲೆಂಡಿನಲ್ಲಿ ಸಾಲ್ಮನ್ ಹೊಳೆಗಳಿಗೆ ನೆರಳಾಗಲೆಂದೇ ಈಗ ಮರ ನೆಡುತ್ತಿದ್ದಾರೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ನೀರು ಬಿಸಿಯೇರಿದ ದಿನಗಳಲ್ಲಿ ಮಧ್ಯಾಹ್ನದಿಂದಾಚೆಗೆ ಗಾಳ ಹಾಕುವುದನ್ನು ನಿಲ್ಲಿಸುವ ನಿಯಮವಿದೆ. ದೇವಸ್ಥಾನಗಳ ಮಡುಗಳಲ್ಲಿ ಅದಕ್ಕೆ ಸಮನಾದ ನಿಯಮವೆಂದರೆ, ಹರಿವು ನಿಂತ ದಿನಗಳಲ್ಲಿ ಮಂಡಕ್ಕಿ ಹಾಕುವುದನ್ನು ನಿಲ್ಲಿಸುವುದು. ಭಕ್ತರಿಗೆ ಇದು ಕಷ್ಟವೆನಿಸೀತು, ಮೀನಿಗೆ ಒಳ್ಳೆಯದು.

ಕಾವೇರಿಯ ಹಂಚಿಕೆಯನ್ನು 15 ವರ್ಷ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಅವಧಿ 2033ಕ್ಕೆ ಮುಗಿಯುತ್ತದೆ. ಆಗ ಕರ್ನಾಟಕ ತನ್ನ ಬೇಡಿಕೆ ಮಂಡಿಸುವಾಗ ಬೆಂಗಳೂರಿನ ಕುಡಿಯುವ ನೀರಿನ ಅಂಕಿಯ ಪಕ್ಕದಲ್ಲೇ ಫೆಬ್ರುವರಿಯಿಂದ ಮೇವರೆಗಿನ ಆ ಹತ್ತು ಟಿಎಂಸಿಯ ಅಂಕಿಯನ್ನೂ, ಹಂಚಿಕೆಗೆ ಮೊದಲೇ ತೆಗೆದಿಡಬೇಕಾದದ್ದೆಂದು, ಬರೆದು ಕೊಡಬೇಕು.